ರೂಟರಿಗೆ ವಿಭೂತಿ, ಫೈಲಿಗೆ ಕದವಿಲ್ಲ

ಊರು ಯಾವುದಾದರೂ ಇರಲಿ ಶರಣರೇ, ಅಲ್ಲೊಬ್ಬ ಸಾಹುಕಾರ ಇದ್ದ ಅಂತ ಇಟ್ಟುಕೊಳ್ಳಿ. ಒಣಮೆಣಸಿನಕಾಯಿ ವ್ಯಾಪಾರಿ. ಮನಸ್ಸು ಒಳ್ಳೆಯದು, ಜಂಬ ಮಾತ್ರ ಒಂದು ಹಿಡಿ ಜಾಸ್ತಿ. ಎಂಬತ್ತು ದಾಟಿದ ಅವ್ವ ಎಲ್ಲಿ ಬಿದ್ದಾಳೋ ಎಂದು ಅವಳ ಕೋಣೆಯಲ್ಲಿ ಕ್ಯಾಮೆರಾ ಇಟ್ಟಿದ್ದ. ಅಂಗಡಿಯಲ್ಲಿ ಕೂತೇ ಫೋನಿನಲ್ಲಿ ಆಗಾಗ ನೋಡುತ್ತಿದ್ದ. ತಾಯಿಯ ಮೇಲಿನ ಪ್ರೀತಿ, ತಪ್ಪೇನಿದೆ?

ನೆಟ್ಟಿನಿಂದ ಕಳ್ಳರು ನುಗ್ಗದಂತೆ ತಡೆಯುವ ಫೈರ್‌ವಾಲ್ ರೂಟರನ್ನೂ ತಂದ. ನೋಡಿ, ಇಲ್ಲೇ ಎಡವಿದ. ಕ್ಯಾಮೆರಾದ್ದು, ಬಾಗಿಲಿನದು, ಬ್ಯಾಂಕಿನದು, ಎಲ್ಲ ಪಾಸ್‌ವರ್ಡುಗಳನ್ನೂ ಒಂದೇ ಫೈಲಿನಲ್ಲಿ ಬರೆದು ಆ ರೂಟರಿನೊಳಗೇ ಇಟ್ಟ. ಇದನ್ನು ಯಾರು ತೆರೆಯಬಹುದು ಎಂದು ಅದು ಕೇಳಿತು. "ನಮ್ಮ ಮನ್ಯಾಗ ಪರರು ಯಾರದಾರ?" ಎಂದು 'ಎಲ್ಲರೂ' ಎಂಬುದನ್ನೇ ಒತ್ತಿದ. ಬಂದವರಿಗೆ ನೀರು ಕೊಡುವ ಮೊದಲು ವೈ-ಫೈ ಕೊಡುವ ಮನೆ ಅದು! ಹಾಲಿನವಳಿಗೂ ಕೊಟ್ಟ, ನಲ್ಲಿ ರಿಪೇರಿಯವನಿಗೂ ಕೊಟ್ಟ.

ಮಹಾನವಮಿ ಬಂತು. ಖಂಡೆ ಪೂಜೆಯಲ್ಲಿ ತಕ್ಕಡಿಗೆ, ಲಾರಿಗೆ, ಕೊನೆಗೆ ರೂಟರಿಗೂ ವಿಭೂತಿ ಬಳಿದು ಚೆಂಡುಹೂ ಏರಿಸಿದ. ಹಬ್ಬಕ್ಕೆ ಬಂದಿದ್ದ ತಂಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳು.

"ಇದನ್ನ ದಾಟಿ ಯಾವ ಕಳ್ಳ ಬರ್ತಾನ, ಬರ್ಲಿ ನೋಡೋಣು," ಎಂದು ಅಣ್ಣ ಮೀಸೆ ತಿರುವಿದ.

ತಂಗಿ ವೈ-ಫೈ ಹಾಕಿಕೊಂಡು ನಾಲ್ಕು ಸಲ ಬೆರಳಾಡಿಸಿದಳು. ಆ ಫೈಲು ಸಿಕ್ಕಿತು, ಅದರಿಂದ ಕ್ಯಾಮೆರಾ ತೆರೆಯಿತು. ಫೋನಿನಲ್ಲಿ ಅವ್ವ! ಹಬ್ಬದ ಇಳಕಲ್ ಸೀರೆ ಉಡಲು ನಿರಿಗೆ ಹಿಡಿದು ನಿಂತಿದ್ದಾಳೆ.

"ಅಣ್ಣಾ, ಹಾಲಿನಾಕಿ ಫೋನಿನ್ಯಾಗೂ ಹಿಂಗ ಕಾಣ್ತದ. ನಮ್ಮವ್ವನ ಮಾನಾ ಊರಿಗೆಲ್ಲಾ ಹಂಚೀಯೇನೋ?"

ಸಾಹುಕಾರ ಅಯ್ಯಯ್ಯೋ ಎಂದು ಕೂಗಿ ಆ ಫೋನನ್ನು ಬೋರಲು ಹಾಕಿದ. ಗದ್ದಲ ಕೇಳಿ ಅವ್ವ ಹೊರಗೆ ಬಂದಳು.

"ಕದಾ ಹಾಕಲಾರ್ದ ಒಂದಿನಾನೂ ಸೀರಿ ಉಟ್ಟಾಕಿ ಅಲ್ಲಪಾ ನಾ. ಇವತ್ತೂ ಹಾಕೇನಿ," ಎಂದಳು.

ಅವನು ಅತ್ತುಬಿಟ್ಟ. ಹೋಳಿಗೆ ಆರಿದರೆ ಆರಲಿ ಎಂದು ಅಣ್ಣತಂಗಿ ಕೂತು ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದರು. ಫೈಲನ್ನು ಅವನೊಬ್ಬನೇ ತೆರೆಯುವಂತೆ ಮಾಡಿದರು. ಕ್ಯಾಮೆರಾ ಪಡಸಾಲೆಗೆ ಬಂತು. ರೂಟರಿನ ದಾಖಲೆ ನೋಡಿದರೆ, ಪುಣ್ಯಕ್ಕೆ ಅದುವರೆಗೆ ಬೇರೆ ಯಾರೂ ಆ ಫೈಲನ್ನು ತೆರೆದಿರಲಿಲ್ಲ. ಆಮೇಲೆ ಅವ್ವನೇ ತುಪ್ಪ ಬಡಿಸಿದಳು, ಎಲ್ಲರೂ ನಗುನಗುತ್ತಾ ಉಂಡರು.

ನಗಬೇಡಿ ಶರಣರೇ! ಕ್ಯಾಲೆಂಡರಿನ ಹಿಂದೆ ಪಾಸ್‌ವರ್ಡ್ ಬರೆದಿಟ್ಟವರು ಇಲ್ಲಿ ಎಷ್ಟು ಜನ? ಕೈ ಎತ್ತಬೇಡಿ, ನನಗೆ ಗೊತ್ತು. ಕಾವಲಿನವನಿಗೆ ಹೂ ಏರಿಸಿದರೆ ಕಾವಲು ಆಯಿತೇ? ಇವತ್ತು ಮನೆಗೆ ಹೋಗಿ, ಮೊದಲು ನಿಮ್ಮ ಪಾಸ್‌ವರ್ಡುಗಳ ಫೈಲಿಗೆ ಬೀಗ ಹಾಕಿ. ಅಂಗಡಿಯಿಂದ ಬಂದಾಗಿನ ಪಾಸ್‌ವರ್ಡೇ ರೂಟರಿನಲ್ಲಿದ್ದರೆ ಬದಲಿಸಿ. ಬಂದವರಿಗೆ ಬೇರೆ ವೈ-ಫೈ ಕೊಡಿ, ಜೊತೆಗೆ ನೀರೂ ಕೊಡಿ. ನಿಮ್ಮನ್ನು ನಂಬಿ ನಿಮ್ಮವ್ವ ಕದ ಹಾಕಿಕೊಂಡಿದ್ದಾಳೆ. ಅವಳು ಹಾಕಿದ ಕದವನ್ನು ನೀವು ತೆರೆದಿಡಬೇಡಿ.