ಎದುರುಮನೆ ಬಾಗಿಲು

"ಅಮ್ಮಾ, ಬಸ್ ಸ್ಟಾಪಿಗೆ ಯಾವ ಕಡೆ ಹೋಗ್ಬೇಕು?"

ಕೇಳಿದವಳು ನನ್ನ ಚಿಕ್ಕಮ್ಮನ ಮಗಳು. ಕೇಳಿದ್ದು ಮೆಟ್ಟಿಲ ಮೇಲೆ ಕೂತಿದ್ದ, ಕತ್ತಲಲ್ಲಿ ಮುಖ ಕಾಣದ ಒಬ್ಬ ಹೆಂಗಸನ್ನು. ಕರೆಂಟು ಹೋಗಿತ್ತು. ಫೋನು ಸತ್ತಿತ್ತು. ಸುತ್ತಲೂ ಒಂದೇ ಎತ್ತರದ, ಒಂದೇ ಬಣ್ಣದ ಕಟ್ಟಡಗಳು. ಅಷ್ಟು ಹೊತ್ತಿಗೆ ಅವಳು ಒಂದೇ ನೀರಿನ ಟ್ಯಾಂಕನ್ನು ಮೂರು ಸಲ ದಾಟಿದ್ದಳು... ಅಥವಾ ಮೂರು ಟ್ಯಾಂಕುಗಳನ್ನು ಒಂದೊಂದು ಸಲ. ಗೊತ್ತಾಗುವ ಹಾಗಿರಲಿಲ್ಲ.

ನಗಬೇಡಿ ಅಂದರೂ ನಗುತ್ತೀರಿ. ಆ ಬಡಾವಣೆಯ ನಕ್ಷೆ ಬರೆದವಳೇ ಅವಳು. ನಗರಸಭೆಯಲ್ಲಿ ಅವಳ ಕೆಲಸವೇ ಅದು: ಹಳೇ ಗಲ್ಲಿಗಳನ್ನು ಕೆಡವಿಸಿ, ಅದೇ ಜಾಗದಲ್ಲಿ ಬಡವರ ಕೈಗೆಟುಕುವ ಮನೆ ಕಟ್ಟಿಸುವುದು. ನಮ್ಮ ಮನೆಯಲ್ಲಿ ಅವಳ ಹೆಸರೇ 'ನಕ್ಷೆ'. ಆ ಸಂಜೆ ಎರಡನೇ ಹಂತದ ಬಗ್ಗೆ ಜನರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದಳು. ಬಂದವನು ವಾಚ್‌ಮನ್ ಒಬ್ಬನೇ, ಅವನೂ ಕುರ್ಚಿ ಎತ್ತಿಡಲು. ಖಾಲಿ ಕುರ್ಚಿಗಳಿಗೆ ನಮಸ್ಕಾರ ಹೇಳಿ ಹೊರಟವಳು, ತಾನೇ ಎಳೆದ ಗೆರೆಗಳ ನಡುವೆ ದಾರಿ ತಪ್ಪಿದ್ದಳು.

"ಬಸ್ಸಿಗಾ..." ಆ ಹೆಂಗಸು ಪಿಸುಗುಟ್ಟಿದಳು, ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ. "ಬಾವಿ ಬಲಕ್ಕೆ ಬಿಟ್ಕೊ. ಸೋಡಾ ಅಂಗಡಿ ಕಟ್ಟೆ ದಾಟು. ಆಮೇಲೆ ಸಂದಿ. ಬಗ್ಗಿ ಹೋಗು... ತಗಡು ತಲೆಗೆ ತಗಲುತ್ತೆ."

"ಬಾವಿ ಎಲ್ಲಿದೆಯಮ್ಮ ಈಗ? ಮುಚ್ಚಿ ಎಷ್ಟು ಕಾಲ ಆಯ್ತು. ಸಂದಿನೂ ಇಲ್ಲ."

"ನಡಿ. ಸಿಗುತ್ತೆ."

ವಯಸ್ಸಾದವರು, ಮರೆವು ಅಂದುಕೊಂಡು ನಕ್ಷೆ, ಆಕೆ ಕೈ ತೋರಿಸಿದ ಕಡೆಗೇ ಹೊರಟಳು. ಎರಡು ಹೆಜ್ಜೆ ಇಟ್ಟಿರಬೇಕು. ಬೆನ್ನ ಹಿಂದೆ ಅದೇ ಪಿಸುಮಾತು.

"ದಾರಿ ಹೇಳಿದ್ನಲ್ಲ... ನನ್ನ ಬಾಗ್ಲು?"

"ಏನಮ್ಮ?"

"ಆಗ್ಲಿ ಅಂದಿದ್ಯಲ್ಲ, ತಾಯಿ..."

ತಿರುಗಿ ನೋಡಿದಳು. ಮೆಟ್ಟಿಲು ಖಾಲಿ. ಗಾಳಿಯಲ್ಲಿ ಮಾತ್ರ ಒಂದು ವಾಸನೆ. ಇದ್ದಿಲಿನ ಬಿಸಿ, ಒದ್ದೆ ಬಟ್ಟೆ.

ನಕ್ಷೆ ಓಡಲಿಲ್ಲ. ಓಡಿದರೆ ಹೆದರಿದ್ದೇನೆ ಅಂತ ತನಗೇ ಗೊತ್ತಾಗಿಬಿಡುತ್ತದಲ್ಲ, ಅದಕ್ಕೆ. ಬೇಗ ಬೇಗ ನಡೆದಳು. ಆಗ ಬಲಗಡೆಯಿಂದ ಸದ್ದು. ಕಿರ್ರ್... ಕಿರ್ರ್... ರಾಟೆ. ಹಗ್ಗ ಸಡಿಲ ಬಿಟ್ಟ ಸರ್‍ರ್. ಆಮೇಲೆ ಆಳದಲ್ಲಿ, ಕೊಡ ನೀರಿಗೆ ಬಿದ್ದ ದುಬುಕ್. ಬಲಗಿವಿಗೆ ಮಾತ್ರ ತಣ್ಣನೆ ಗಾಳಿ. ಅವಳು ಆ ಕಡೆ ನೋಡಲಿಲ್ಲ. ಕಾಲು ಕಟ್ಟೆಯೊಂದನ್ನು ಎಡವಿತು. ಕತ್ತಲು ಎರಡೂ ಕಡೆಯಿಂದ ಒತ್ತಿ ಬಂತು, ಸಂದಿಯಲ್ಲಿ ಬರುವ ಹಾಗೆ. ಬಗ್ಗಿ ಹೋಗು ಅಂದದ್ದು ನೆನಪಾಗುವಷ್ಟರಲ್ಲಿ ಹಣೆಯನ್ನು ಏನೋ ಪರಚಿತು.

ಮರುಕ್ಷಣ ಎದುರಿಗೆ ಬಸ್ ಸ್ಟಾಪು. ಬೆಂಚಿನ ಮೇಲೆ ನಾಯಿ ಮಲಗಿತ್ತು.

ಈ ಮಾತು ಬೇರೆ ಯಾರಾದರೂ ಹೇಳಿದ್ದರೆ ನಾನು ಆಕಳಿಸಿ ಮಗ್ಗುಲು ಬದಲಿಸುತ್ತಿದ್ದೆ. ದೆವ್ವದ ವಿಷಯದಲ್ಲಿ ನನ್ನದು ಕಲ್ಲು ಗುಂಡಿಗೆ. ಕಾಲಲ್ಲಿ ಚಕ್ರ ಇದೆ ಅಂತ ಅಮ್ಮ ಬೈಯುತ್ತಿದ್ದದ್ದು ಸುಳ್ಳಲ್ಲ. ಎಷ್ಟೋ ದೇಶಗಳಲ್ಲಿ, ಸ್ಮಶಾನಕ್ಕೆ ಗೋಡೆ ಅಂಟಿಸಿಕೊಂಡ ಅಗ್ಗದ ಲಾಡ್ಜುಗಳಲ್ಲಿ ಗೊರಕೆ ಹೊಡೆದಿದ್ದೇನೆ. ರಾತ್ರಿ ನನ್ನ ಬಾಗಿಲು ತಟ್ಟಿದವರೆಲ್ಲ ಬದುಕಿದ್ದವರೇ. ತೊಂದರೆಯೇ ಅದು.

ಆದರೆ ಆ ದಿನ ನಾನು ನಕ್ಷೆಯ ಮನೆಯಲ್ಲೇ ಇದ್ದೆ. ಎರಡು ಪ್ರಯಾಣಗಳ ನಡುವೆ ಸೂಟ್‌ಕೇಸು ಇಡಲು ನನಗೊಂದು ಜಾಗ ಬೇಕಲ್ಲ. ಬಾಗಿಲು ತೆಗೆದವಳು ನಾನು. ಹಣೆಯ ಗಾಯ ಒರೆಸಿದವಳು ನಾನು. ಹತ್ತಿಗೆ ರಕ್ತ ಸ್ವಲ್ಪವೇ ಬಂತು. ಜೊತೆಗೆ ತುಕ್ಕು ಬಂತು.

"ಯಾವ ತಗಡೇ ಇದು?"

"ತಗಡು ಎಲ್ಲಿಂದ ಬರ್ಬೇಕಕ್ಕ? ಅಲ್ಲಿರೋದೆಲ್ಲ ಕಾಂಕ್ರೀಟು."

ಬಡಾವಣೆಯ ಹಾಳೆ ಹಾಸಿದಳು. ತಾನು ಹೊರಟ ಮೆಟ್ಟಿಲಿನಿಂದ ಬಸ್ ಸ್ಟಾಪಿನವರೆಗೆ ಬೆರಳು ಎಳೆದಳು. ಅವಳು ನಡೆದುಬಂದ ದಾರಿ ಯಾರದೋ ಅಡುಗೆಮನೆ ಹೊಕ್ಕು, ಇನ್ಯಾರದೋ ಬಚ್ಚಲಿನಿಂದ ಹೊರಗೆ ಬೀಳುತ್ತಿತ್ತು.

ಆಮೇಲೆ ಅವಳೇ, ಹಾಳೆ ನೋಡುತ್ತಲೇ ಅಂದಳು: "ಇದ್ದಿಲಿನ ವಾಸನೆ... ಇಸ್ತ್ರಿಯಮ್ಮ ಕಣಕ್ಕ ಅದು."

ಆ ಗಲ್ಲಿಯಲ್ಲಿ ಎದುರುಬದುರು ಎರಡು ಮನೆ. ಒಂದರಲ್ಲಿ ಇಸ್ತ್ರಿಯಮ್ಮ, ಇನ್ನೊಂದರಲ್ಲಿ ಹೊಲಿಗೆಯಮ್ಮ. ಇವಳು ಹೊಲಿದದ್ದನ್ನು ಅಲ್ಲಿಂದಲೇ ಎಸೆದರೆ ಅವಳು ಹಿಡಿದು ಇಸ್ತ್ರಿ ಮಾಡುತ್ತಿದ್ದಳು. ಗಲ್ಲಿ ಅಷ್ಟು ಇಕ್ಕಟ್ಟು. ಇಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು 'ಎದುರುಮನೆ' ಅಂತಲೇ. ಮದುವೆಯಾಗಿ ಬಂದ ಹೊಸದರಲ್ಲಿ ಶುರುವಾದದ್ದು, ಕೂದಲು ಬೆಳ್ಳಗಾದರೂ ಬದಲಾಗಲಿಲ್ಲ. ಗಂಡಂದಿರು ಹೋದರು, ಮಕ್ಕಳು ಚದುರಿದರು. ಬಾಗಿಲು ಎರಡೂ ಹಗಲು ರಾತ್ರಿ ತೆರೆದೇ ಇರುತ್ತಿದ್ದವು. ಕೆಡವುವ ಮುಂಚೆ ಅಹವಾಲು ಸಭೆಯಲ್ಲಿ ಒಬ್ಬರು ದೊಡ್ಡ ಕೋಣೆ ಕೇಳಿದರು, ಒಬ್ಬರು ಲಿಫ್ಟು ಕೇಳಿದರು. ಇಸ್ತ್ರಿಯಮ್ಮ ಎದ್ದು ನಿಂತು ಕೇಳಿದ್ದು ಒಂದೇ.

"ನನ್ನ ಬಾಗ್ಲು ಇವಳ ಬಾಗ್ಲಿಗೆ ಎದುರಿಗಿರ್ಲಿ."

"ಆಗ್ಲಿ ಅಮ್ಮ," ಅಂದಿದ್ದಳು ನಕ್ಷೆ.

ಮೋಸ ಮಾಡುವ ಉದ್ದೇಶ ಅವಳಿಗಿರಲಿಲ್ಲ. ಇಬ್ಬರಿಗೂ ಒಂದೇ ಮಹಡಿಯಲ್ಲಿ, ಒಂದೇ ಪಡಸಾಲೆಯ ಆಚೀಚೆ ಮನೆ ಕೊಡಿಸಿದಳು. ಆದರೆ ಅವಳ ಕಸುಬಿನಲ್ಲಿ ಒಂದು ಪಾಠ ಇದೆ: ಬಾಗಿಲಿಗೆ ಬಾಗಿಲು ಎದುರಾಗಬಾರದು, ಒಬ್ಬರ ಮನೆ ಇನ್ನೊಬ್ಬರಿಗೆ ಕಾಣಬಾರದು. ದುಡ್ಡಿದ್ದವರು ಅದಕ್ಕೆ ಹೆಚ್ಚು ಕೊಡುತ್ತಾರೆ. ಬಡವರಿಗೆ ಯಾಕೆ ಬೇಡ? ಎಂದು ಹಠ ಹಿಡಿದು, ಎಲ್ಲ ಮಹಡಿಗಳಲ್ಲೂ ಬಾಗಿಲುಗಳನ್ನು ಅತ್ತ ಒಂದು, ಇತ್ತ ಒಂದು ತಪ್ಪಿಸಿ ಇಟ್ಟಳು. ಅದಕ್ಕೆ ಬಹುಮಾನವೂ ಬಂತು. ಟಿವಿಯ ಪಕ್ಕದಲ್ಲಿದೆ.

"ನಿನ್ನ ಎದುರುಮನೆಯಲ್ಲಿ ಯಾರಿದ್ದಾರೆ?" ಕೇಳಿದೆ.

ಸ್ವಲ್ಪ ಯೋಚಿಸಿ, "ಬೂಟು," ಅಂದಳು. ಬಾಗಿಲ ಹೊರಗೆ ಬಿಟ್ಟಿರುವುದನ್ನಷ್ಟೇ ನೋಡಿದ್ದಳಂತೆ.

ಮಾರನೆ ದಿನ ಇಬ್ಬರೂ ಹೋದೆವು. ಮೇಲಿನ ಮಹಡಿ, ಉದ್ದನೆ ಪಡಸಾಲೆ, ಎಲ್ಲ ಬಾಗಿಲೂ ಮುಚ್ಚಿದ್ದವು. ಹೊಲಿಗೆಯಮ್ಮನದೊಂದೇ ತೆರೆದಿತ್ತು, ಒಂದು ಇಟ್ಟಿಗೆ ಒತ್ತುಕೊಟ್ಟು. ಹೊಸ ಬಾಗಿಲುಗಳಿಗೆ ಸ್ಪ್ರಿಂಗ್ ಇದೆ ನೋಡಿ, ತಾವೇ ಮುಚ್ಚಿಕೊಳ್ಳುತ್ತವೆ. ಆಕೆ ಹೊಸ್ತಿಲಿಗೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದರು. ಎದುರಿಗೆ ಬರೀ ಗೋಡೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು, ಬಟ್ಟೆಯ ಮೇಲೆ ಧೂಳು.

"ಯಾರು, ಮನೆ ಕಟ್ಸಿದವಳಾ? ಬಾ ತಾಯಿ. ಗೋಡೆ ಚೆನ್ನಾಗಿ ಕಟ್ಸಿದ್ದೀಯ. ಬೆಳಗ್ಗಿಂದ ಅದನ್ನೇ ನೋಡ್ತಾ ಕೂತಿದ್ದೀನಿ, ಇನ್ನೂ ಬೇಜಾರಾಗಿಲ್ಲ."

ನಕ್ಷೆ ತಲೆ ತಗ್ಗಿಸಿದಳು. "ಇಸ್ತ್ರಿಯಮ್ಮ ಎಲ್ಲಿ?"

"ಹೋದ್ಳಲ್ಲ. ನಿಮ್ಮ ಆಫೀಸಿಗೆ ಗೊತ್ತಿಲ್ವಾ? ವಾಸನೆ ಬಂದ್ಮೇಲೆ ವಾಚ್‌ಮನ್ ಬಾಗ್ಲು ಒಡೆದ."

ಪಡಸಾಲೆಯ ಆ ತುದಿಯಲ್ಲಿ ಕೊಳಾಯಿ ತೊಟ್ಟಿಕ್ಕುತ್ತಿತ್ತು. ತೊಟ್... ತೊಟ್...

"ಮಗಳ ಮನೆಗೆ ಹೋಗಿದಾಳೆ ಅಂದ್ಕೊಂಡೆ ನಾನು," ಹೊಲಿಗೆಯಮ್ಮ ಗೋಡೆಯ ಕಡೆಗೇ ಹೇಳಿದರು. "ನಾನು ಮುನಿಸ್ಕೊಂಡಿದೀನಿ ಅಂದ್ಕೊಂಡಿರ್ಬೇಕು ಅವಳು. ನಾಲ್ಕು ಹೆಜ್ಜೆ, ಎದ್ದು ಹೋಗಿ ನೋಡಬಾರ್ದಿತ್ತಾ ಅಂತ ಎಲ್ರೂ ಕೇಳ್ತಾರೆ. ಎದ್ದು ಹೋಗಿ ನೋಡೋದು ನೆಂಟರ ಮನೆ, ತಾಯಿ. ಎದುರುಮನೆ ಅನ್ನೋದು ಕಣ್ಣಿಗೆ ತಾನಾಗೇ ಬೀಳ್ಬೇಕು."

ಗಲ್ಲಿಯಲ್ಲಿ ಇವರಿಗೊಂದು ಪದ್ಧತಿ ಇತ್ತಂತೆ. ರಾತ್ರಿ ಹೊಲಿಗೆ ಯಂತ್ರ ನಿಂತ ಮೇಲೆ ಈಕೆ, "ಎದುರುಮನೇ, ಆಯ್ತೇನೇ?" ಅನ್ನುವುದು. ಆಕೆ ಮಾತಾಡುವುದಿಲ್ಲ, ಇಸ್ತ್ರಿಪೆಟ್ಟಿಗೆಯನ್ನು ಕಬ್ಬಿಣದ ತಟ್ಟೆಯ ಮೇಲೆ ಇಡುವುದು. ಟಣ್. ಆಯ್ತು, ಮಲಗು ಅಂತ ಅರ್ಥ. ಹೊಸ ಕಟ್ಟಡದಲ್ಲಿ ಇದ್ದಿಲು ಉರಿಸುವಂತಿಲ್ಲ. ಪೆಟ್ಟಿಗೆ, ತಟ್ಟೆ ಎರಡೂ ಗುಜರಿಗೆ ಹೋದವು.

"ಆ ಸದ್ದು ಕೇಳ್ದೆ ನಂಗೆ ನಿದ್ದೆ ಹತ್ತಲ್ಲ. ನಿದ್ದೆ ಇಲ್ದೆ ಊಟ ಸೇರಲ್ಲ." ಕೈ ತೋರಿಸಿದರು, ಕಡ್ಡಿಯಾಗಿತ್ತು. "ನಾನೂ ಅವಳ ಹಾಗೇ ಹೋಗೋದು. ನನ್ನ ಬಾಗ್ಲು ತೆಗ್ದಿದೆ ಅನ್ನೋದೊಂದೇ ಸಮಾಧಾನ. ಒಡೆಯೋ ಕಷ್ಟ ಇಲ್ಲ."

ಆಕೆ ನಕ್ಕರು. ನಾವು ನಗಲಿಲ್ಲ.

ಕೆಳಗಿಳಿದ ಮೇಲೆ ನಕ್ಷೆ ಅಂದದ್ದು ಒಂದೇ ಮಾತು. "ಒಂದು ಬಾಗಿಲು ಬಾಕಿ ಇದೆ, ಅಕ್ಕ."

ಇಸ್ತ್ರಿಯಮ್ಮನ ಮನೆ ಹಾಗೇ ಖಾಲಿ ಬಿದ್ದಿತ್ತು. ಸಾವಿನ ಮನೆ ಅಂತ ಯಾರೂ ಬರಲು ಒಪ್ಪಿರಲಿಲ್ಲ. ಹೊಲಿಗೆಯಮ್ಮ ನೋಡುತ್ತಾ ಕೂರುವ ಗೋಡೆ ಆ ಮನೆಯದೇ. ಅದರಲ್ಲಿ, ಮಂಚಕ್ಕೆ ನೇರವಾಗಿ, ಬಾಗಿಲು ಕೊರೆಯಬೇಕು ಅಂತ ನಕ್ಷೆ ಹಠ ಹಿಡಿದಳು.

"ಸತ್ತವಳ ಮನೆಗೆ ಹೊಸ ಬಾಗ್ಲು ಯಾಕಮ್ಮ?" ಎಂದರಂತೆ ಮೇಲಿನ ಸಾಹೇಬರು.

"ಎರಡನೇ ಹಂತಕ್ಕೆ ಮಾದರಿ, ಸರ್. ಎದುರುಬದುರು ಬಾಗಿಲು. ಜನ ಏನಂತಾರೆ ನೋಡೋಣ."

ದೆವ್ವ ಅಂತ ಬರೆದರೆ ಕಡತ ಮಲಗುತ್ತದೆ. ಮಾದರಿ ಅಂತ ಬರೆದರೆ ಅದಕ್ಕೆ ಕಾಲು ಬರುತ್ತದೆ.

ಗಾರೆಯವನು ಬಂದ. ಮೊದಲು ಹಳೇ ಬಾಗಿಲನ್ನು ಇಟ್ಟಿಗೆ ಇಟ್ಟು ಮುಚ್ಚಿದ, ಆಮೇಲೆ ಗೋಡೆ ಕೊರೆದ. "ಇದ್ದ ಬಾಗ್ಲು ಮುಚ್ಚು, ಇಲ್ಲದ ಬಾಗ್ಲು ತೆಗೆ," ಅಂತ ಗೊಣಗಿದ. "ನಿಮ್ಮ ಆಫೀಸು ತಣ್ಣಗಿರ್ಲಿ ಮೇಡಂ, ನಮ್ಮ ಒಲೆ ಉರೀತಿರುತ್ತೆ." ಸಂಜೆ ಹೊಸ್ತಿಲಿಗೆ ಸಿಮೆಂಟು ಬಳಿದು, ನಯ ಮಾಡಿ, "ಬೆಳಗಾಗೋವರೆಗೂ ಯಾರೂ ತುಳೀಬೇಡಿ," ಅಂತ ಅಡ್ಡ ಹಗ್ಗ ಕಟ್ಟಿ ಹೋದ. ಕದ ಇನ್ನೂ ಇರಲಿಲ್ಲ. ಚೌಕಟ್ಟು ಮಾತ್ರ. ಅದರೊಳಗೆ ಖಾಲಿ ಕೋಣೆ.

ಆ ರಾತ್ರಿ ನಾವಿಬ್ಬರೂ ಹೊಲಿಗೆಯಮ್ಮನ ಮನೆಯಲ್ಲೇ ಉಳಿದೆವು. ಆಕೆ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಎದ್ದು ಯಂತ್ರದ ಮೇಲಿನ ಬಟ್ಟೆ ತೆಗೆದರು. ಧೂಳು ಕೊಡವಿದರು. ಎಣ್ಣೆ ಬಿಟ್ಟರು. ನನ್ನ ಕೋಟಿನ ಹರಿದ ಜೇಬು ಕೈಗೆತ್ತಿಕೊಂಡರು. ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ನನ್ನ ಚಿಲ್ಲರೆ ಉದುರಿಸಿದ ಜೇಬು ಅದು.

ಟಕಟಕಟಕಟಕ...

ಪಡಸಾಲೆಯ ದೀಪ ಆರಿತು. ಅದು ತಾನಾಗೇ ಆರುವ ದೀಪ, ಅದರಲ್ಲಿ ವಿಶೇಷ ಇಲ್ಲ. ಎದುರಿನ ಚೌಕಟ್ಟು ಕತ್ತಲೆಯಲ್ಲಿ ಇನ್ನಷ್ಟು ಕತ್ತಲಾಗಿ ನಿಂತಿತು.

ಟಕ. ಟಕ. ಯಂತ್ರ ನಿಂತಿತು.

"ಎದುರುಮನೇ..." ಹೊಲಿಗೆಯಮ್ಮ ಕರೆದರು. ಜೋರಾಗಿ ಅಲ್ಲ. "ಆಯ್ತೇನೇ?"

ಏನೂ ಇಲ್ಲ.

ಲಿಫ್ಟು ಎಲ್ಲೋ ಗುಂಯ್ ಅಂದು ನಿಂತಿತು. ಕೊಳಾಯಿ... ತೊಟ್. ನಕ್ಷೆಯ ಕೈ ನನ್ನ ಕೈ ಹುಡುಕಿತು, ಐಸಿನ ಹಾಗಿತ್ತು. ಪಾಪ, ಖಾಲಿ ಗೋಡೆಗೆ ತೂತು ಕೊರೆಸಿದಳಲ್ಲ, ಈ ಮುದುಕಿಗೆ ಇನ್ನಷ್ಟು ನೋವಾಗುತ್ತದಲ್ಲ ಅಂತ ನಾನು ಯೋಚಿಸುತ್ತಿದ್ದೆ. ನಿಜವಾಗಿ ಅದನ್ನೇ ಯೋಚಿಸುತ್ತಿದ್ದೆ...

ಟಣ್.

ಕಬ್ಬಿಣದ ಮೇಲೆ ಕಬ್ಬಿಣ. ಭಾರವಾದದ್ದನ್ನು ಅಭ್ಯಾಸವಿದ್ದ ಕೈ ಮೆಲ್ಲಗೆ ಇಟ್ಟ ಹಾಗೆ. ಆಮೇಲೆ ಸಣ್ಣಗೆ ಚುಂಯ್... ಒದ್ದೆಗೆ ಬಿಸಿ ತಾಗಿದಾಗ ಬರುವ ಸದ್ದು.

ನನ್ನ ಕಲ್ಲು ಗುಂಡಿಗೆ ಎಲ್ಲಿ ಹೋಯಿತೋ, ಕೇಳಬೇಡಿ.

ಹೊಲಿಗೆಯಮ್ಮ ಮಾತ್ರ ದೊಡ್ಡದಾಗಿ ಆಕಳಿಸಿದರು. ಸೂಜಿಯಿಂದ ದಾರ ಬಿಡಿಸಿ, ಕೋಟು ನನ್ನ ಮಡಿಲಿಗೆ ಹಾಕಿ, ಗೋಡೆ ಇಲ್ಲದ ಕಡೆಗೆ ಮುಖ ಮಾಡಿ ಮಲಗಿದರು. "ಬಾಗ್ಲು ತೆಗ್ದೇ ಇರ್ಲಿ," ಅಂದರು. ನಾವು ಉಸಿರು ಬಿಡುವ ಮೊದಲೇ ಅವರಿಗೆ ನಿದ್ದೆ ಹತ್ತಿತ್ತು.

ನಕ್ಷೆ ಎದ್ದು ಹಗ್ಗದ ಹತ್ತಿರ ಹೋಗಿ ನಿಂತಳು. ಒಳಗೆ ಹೋಗಲಿಲ್ಲ. ಕತ್ತಲೆಗೆ ಪಿಸುಗುಟ್ಟಿದಳು. "ತೀರ್ತಾ, ಅಮ್ಮ?"

ಆಮೇಲೆ ಬಂದು ನನ್ನ ಪಕ್ಕ ಮಲಗಿದಳು.

ಬೆಳಗ್ಗೆ ನಮ್ಮನ್ನು ಎಬ್ಬಿಸಿದ್ದು ಗಾರೆಯವನ ಕೂಗು. "ಯಾರ್ರೀ ಅದು? ತುಳೀಬೇಡಿ ಅಂದ್ರೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದೀರಲ್ಲ!"

ಹಗ್ಗ ಕಟ್ಟಿದಂತೆಯೇ ಇತ್ತು. ಹೊಸ್ತಿಲ ನಡುಮಧ್ಯೆ, ಗಟ್ಟಿಯಾದ ಸಿಮೆಂಟಿನಲ್ಲಿ, ಮೂತಿ ಚೂಪಾದ ಒಂದು ಅಚ್ಚು. ಅಂಚು ಕಪ್ಪಗೆ ಸುಟ್ಟಿತ್ತು. ಸರ್ಕಾರಿ ಕೆಲಸದವರು ಮೊಹರು ಬೀಳದೆ ಯಾವುದನ್ನೂ ಮುಗಿಯಿತು ಅಂತ ನಂಬುವುದಿಲ್ಲ. ನಕ್ಷೆ ಅದನ್ನು ತುಂಬ ಹೊತ್ತು ನೋಡಿದಳು. ಮುಚ್ಚಲು ಕರಣೆ ಎತ್ತಿದವನ ಕೈ ಹಿಡಿದು, "ಇರ್ಲಿ ಬಿಡಪ್ಪ," ಅಂದಳು.

ನಂಬದಿದ್ದರೆ ಬಿಡಿ. ನಾನು ಕಂಡದ್ದು ಹೇಳಿದ್ದೇನೆ. ಜೇಬಿನ ಹೊಲಿಗೆ ಇನ್ನೂ ಗಟ್ಟಿಯಾಗಿದೆ, ಬೇಕಾದರೆ ಕೈ ಹಾಕಿ ನೋಡಿ. ಆ ಅಚ್ಚಿಗೂ ನಾನು ಬಗ್ಗಿ ಬೆರಳಿಟ್ಟು ನೋಡಿದ್ದೆ.

ಬೆಚ್ಚಗಿತ್ತು.