ಒಂದು ವಾರದ ಕಡಕ್ ರೊಟ್ಟಿ

ಗಣೇಶಗುಡಿಯ ತಂಗುದಾಣದಲ್ಲಿ ಬೆಳಗಿನ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಹೋಮ್‌ಸ್ಟೇ ಅಡುಗೆಗೆ ಹೊರಟ ಇಬ್ಬರು ಹೆಂಗಸರು ಕೂತಿದ್ದರು. ಕೇಳಬಾರದೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

“ರವಿವಾರ ಮಾಡಿಟ್ಟ ಕಡಕ್ ರೊಟ್ಟಿ ವಾರ ಪೂರ್ತಿ ಬಂದ್ವೇನ್ರಿ, ಸುನಂದಕ್ಕಾ?” ಎಂದಳು ಕಿರಿಯಳು.

“ಎಲ್ಲಿ ವಾರ, ಶಬನಮ್? ಬುಧವಾರಕ್ಕ ಬೂಷ್ಟ ಹಿಡೀತು. ನಮ್ಮ ನವಲಗುಂದದಾಗ ತಿಂಗಳಗಟ್ಟಲೆ ಇರ್ತಾವು. ಇಲ್ಲೂ ಹಂಗ ಅಂತ ತಿಳ್ಕೊಂಡಿದ್ನಿ.”

“ಡಬ್ಬ್ಯಾಗ ಇಡಬೇಕಿತ್ತು.”

“ಡಬ್ಬ್ಯಾಗನ ಇಟ್ಟಿದ್ನಿ. ಅದಕ್ಕೂ ಮೊದಲ ಅರಿವ್ಯಾಗ ಸುತ್ತಿ ಒಲಿ ಮ್ಯಾಲೆ ಕಟ್ಟಿ ನೋಡೇನಿ. ಈ ಹಸಿ ಹವಾದಾಗ ಉಪ್ಪ ಸೈತ ನೀರಾಗತೈತಿ.”

“ಹಂಗಾರ ದನಕ್ಕ ಹಾಕಿದ್ರಿ?”

“ಹಾಕಾಕಂತ ತಗದ್ರ ಡಬ್ಬಿ ಖಾಲಿ. ಬೂಷ್ಟ ಕೆರದ ಪುಡಿ ಅಷ್ಟ ಬಿದ್ದಿತ್ತು. ಮಗಳು ತಿಂದಾಳ.”

“ಯಾ ಅಲ್ಲಾ! ನಿಮಗ ಯಾಕ ಹೇಳಲಿಲ್ಲ ಆಕಿ?”

“ಹೇಳಿದ್ರ ಅವ್ವ ಮತ್ತ ನಸಿಕಿನ್ಯಾಗ ಎದ್ದು ರೊಟ್ಟಿ ಬಡಿಯಾಕ ಕುಂದರ್ತಾಳಂತ.”



“ಇವತ್ತ ಆಕಿಗೆ ಏನ ಇಟ್ಟು ಬಂದ್ರಿ?”

“ಚುರಮುರಿ. ಅವೂ ಮೆತ್ತಗಾಗ್ಯಾವು.”

ತಿರುವಿನಲ್ಲಿ ಬಸ್ಸು ಕಾಣಿಸಿತು. ಶಬನಮ್ ಎದ್ದು ಸೆರಗು ತಲೆಗೆಳೆದುಕೊಂಡಳು.

“ಗೆಸ್ಟ್ ಮಂದಿಗೆ ಏನ ಬೇಕಂತ ಇವತ್ತ?”

“ಬಿಸಿ ರೊಟ್ಟಿ,” ಎಂದಳು ಸುನಂದಾ, ಛತ್ರಿ ಮಡಚಿ ಬಸ್ಸು ಹತ್ತುತ್ತಾ. “ಹಂಚಿನಿಂದ ಸೀದಾ ತಾಟಿಗೆ ಬೀಳಬೇಕಂತ. ಆರಿದ್ದು ಒಬ್ಬರೂ ಮುಟ್ಟೂದಿಲ್ಲ.”