ಜ್ವರ ಇಳಿಯದ ಗೊಬ್ಬರ

ವೇದಿಕೆಯ ನಡುವಿನ ಕುರ್ಚಿಯನ್ನು ಅಲಂಕರಿಸಿರುವ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಬೀರಲಿಂಗೇಶ್ ಅವರೇ, ಈ ಬಿಸಿಲಲ್ಲಿ ಹರಪನಹಳ್ಳಿಯಿಂದ ಬಂದ ಅತಿಥಿಗಳೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಮತ್ತು ಸಿಗದ ಸಭಿಕರೇ, ಇಂದು ನಾವು ಬೀಳ್ಕೊಡುತ್ತಿರುವ, ಇಪ್ಪತ್ತೆರಡು ವರ್ಷ ನಮ್ಮ ಮಕ್ಕಳಿಗೆ ಬಿಸಿಯೂಟ ಬಡಿಸಿದ ಜಂಬಕ್ಕನವರೇ,

ಮುಖ್ಯೋಪಾಧ್ಯಾಯನಾದ ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷದಲ್ಲಿ ಮಾತು ಮುಗಿಸಿದ ಮುಖ್ಯೋಪಾಧ್ಯಾಯ ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ; ಆದರೂ ಪ್ರಯತ್ನಿಸುತ್ತೇನೆ.

ಅಡಿಗೆಯನ್ನು ಎಲ್ಲರೂ ಹೊಗಳಿದರು. ನಾನು ಗೊಬ್ಬರದ ಬಗ್ಗೆ ಮಾತಾಡುತ್ತೇನೆ. ಮೂಗು ಮುರಿಯಬೇಡಿ. ನಮ್ಮ ಸಾರಿನಲ್ಲಿ ತೇಲಿದ ಬದನೆ, ಕರಿಬೇವು ಎಲ್ಲಿಂದ ಬಂದವು? ಅಡಿಗೆಮನೆಯ ಹಿಂದಿನ ಕೈತೋಟದಿಂದ. ಆ ಕಲ್ಲು ಗರಸಿನ ನೆಲದಲ್ಲಿ ಕೈತೋಟ ಎಲ್ಲಿಂದ ಬಂತು? ತರಕಾರಿ ಸಿಪ್ಪೆ, ಬೇವಿನ ತರಗು, ತಮ್ಮನ ಹಟ್ಟಿಯ ಕುರಿಹಿಕ್ಕೆ ಸೇರಿಸಿ ಜಂಬಕ್ಕ ಕೊಳೆಸುತ್ತಿದ್ದ ಗುಂಡಿಯಿಂದ. ಅವರು ಬಳೆ ಹಿಂದೆ ಸರಿಸಿ ಮೊಣಕೈವರೆಗೆ ತೋಳು ಇಳಿಸಿ ನೋಡುತ್ತಿದ್ದರು. ಒಳಗೆ ಬಿಸಿ ತಾಗಿದರೆ ಮತ್ತೆ ಒದ್ದೆ ಗೋಣಿ ಹೊದಿಸುತ್ತಿದ್ದರು. ತಂಪಾದರೆ ಮಾತ್ರ ಗಿಡಕ್ಕೆ.

ಹೋದ ತಿಂಗಳು, ಉತ್ತಮ ಕೈತೋಟದ ಬಹುಮಾನಕ್ಕೆ ತಪಾಸಣಾ ತಂಡ ಬರುತ್ತದೆಂದು ಫೋನು ಬಂತು. ನಿವೃತ್ತಿಗೆ ಒಂದೇ ವರ್ಷ ಉಳಿದ ಮನುಷ್ಯನಿಗೆ ಗೋಡೆಯ ಮೇಲೊಂದು ಫಲಕ ಬೇಡವೇ? ಗಿಡದ ಬುಡ ಕಪ್ಪಗೆ ಕಂಡರೆ ಫೋಟೋ ಚೆನ್ನಾಗಿ ಬರುತ್ತದೆಂದು ಗುಂಡಿ ತೆರೆಯಲು ಹೇಳಿದೆ. ನಡು ಮಧ್ಯಾಹ್ನ.

"ಇನ್ನೂ ಜ್ವರ ಬಂದು ಮಲಗೈತ್ರಿ ಸರ, ಎಬ್ಬಿಸಬ್ಯಾಡ್ರಿ," ಎಂದರು ಜಂಬಕ್ಕ. "ಹಿಕ್ಕಿ ಕರಗಿಲ್ಲ. ಈ ಬಿಸಲಾಗ ಹಾಕಿದ್ರ ಬೇರು ಬೇಯ್ತಾವು."

"ನೀ ಅನ್ನ ಬೇಯಿಸಾದು ನೋಡು ಜಂಬಕ್ಕ, ಬೇರಿನ ಚಿಂತಿ ನನಗ ಬಿಡು," ಎಂದು ನನ್ನ ಮಾತಿಗೆ ನಾನೇ ನಕ್ಕೆ.

"ಕೈ ಹಾಕಿ ನೋಡ್ರಿ ಮತ್ತ."

ನಾನು ಇಸ್ತ್ರಿ ಅಂಗಿ ತೊಟ್ಟಿದ್ದೆ.

"ಸಂಜಿಕಾದ್ರೂ ಹಾಕಾನ್ರಿ. ಬುಡ ಬಿಟ್ಟು ಗೇಣು ದೂರ, ನೀರು ಕೊಟ್ಟು, ಮ್ಯಾಲೆ ಹುಲ್ಲು ಮುಚ್ಚಿ."

ಹುಲ್ಲು ಮುಚ್ಚಿದರೆ ಕಪ್ಪು ಕಾಣುವುದೆಲ್ಲಿ? ಅವರ ಕೈಯಿಂದಲೇ ಬುಟ್ಟಿ ಬುಟ್ಟಿ ಬುಡಕ್ಕೇ ಸುರಿಸಿದೆ.

ಮೂರನೇ ದಿನ ಬದನೆ ಜೋತುಬಿತ್ತು. ನಾಲ್ಕನೇ ದಿನ ಕರಿಬೇವು ಸುಟ್ಟ ಕಾಗದವಾಯಿತು. ಐದನೇ ದಿನ ತಂಡ ಬಂತು. ಗೊಬ್ಬರ ಹಾಕಿದವರು ಯಾರು ಎಂದು ಕೇಳಿದರು. ಸಭಿಕರೇ, ನಾನು ಸುಳ್ಳು ಹೇಳಲಿಲ್ಲ. ಜಂಬಕ್ಕನ ಕಡೆ ನೋಡಿದೆ, ಅಷ್ಟೆ. ಮೂವತ್ತು ವರ್ಷ ಮಕ್ಕಳನ್ನು ಕಣ್ಣಲ್ಲೇ ಕೂರಿಸಿದವನು ನಾನು. ನನ್ನ ನೋಟ ಯಾರಿಗೆ ತಿಳಿಯುವುದಿಲ್ಲ?

"ನಾನ ಹಾಕೀನ್ರಿ," ಎಂದರು ಅವರು. ಅದೂ ಸುಳ್ಳಲ್ಲ.

ವರದಿ ಕೇಳಿದರು. 'ಅಡಿಗೆಯವರ ನಿರ್ಲಕ್ಷ್ಯ' ಎಂದು ದುಂಡಗೆ ಬರೆದುಕೊಟ್ಟೆ. ಜೂನ್‌ನಿಂದ ಇವರು ಬೇಡ ಎನ್ನಲು ನಮ್ಮ ಸಮಿತಿಗೆ ಆ ಎರಡು ಪದ ಸಾಕಾದವು. ಜಂಬಕ್ಕನಿಗೆ ಅರವತ್ತಾಗಲು ಇನ್ನೂ ಮೂರು ವರ್ಷ ಇದೆ. ಆಮಂತ್ರಣದಲ್ಲಿ ನಾವು 'ವಯೋನಿವೃತ್ತಿ' ಎಂದು ಅಚ್ಚು ಹಾಕಿಸಿದ್ದೇವೆ. ಅಕ್ಷರದೋಷ ಒಂದೂ ಇಲ್ಲ, ನಾನೇ ತಿದ್ದಿದ್ದೇನೆ.

ನಿನ್ನೆ ಅವರ ಮನೆಗೆ ಹೋಗಿ, ವರದಿ ಬದಲಿಸಿ ಬರೆಯಲೇ ಎಂದು ಕೇಳಿದೆ.

"ಬರಿಯಾಂವ್ರು ಆಗಿದ್ರ ಇಲ್ಲಿತನ ಯಾಕ ಬರ್ತಿದ್ರಿ ಸರ," ಎಂದು ನಕ್ಕು ಮಜ್ಜಿಗೆ ಕೊಟ್ಟರು. ಕುಡಿದು ಬಂದೆ.

ಸೋಮವಾರದಿಂದ ಅವರು ಹರಪನಹಳ್ಳಿಗೆ ಮೆಕ್ಕೆಜೋಳ ಹಸನು ಮಾಡುವ ಕೂಲಿಗೆ ಹೋಗುತ್ತಾರಂತೆ. ಬಿಸಿಲು ನಿಮಗೂ ಗೊತ್ತು, ಆ ಧೂಳೂ ಗೊತ್ತು.

ಇಷ್ಟೆಲ್ಲ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಚೀಟಿಯಲ್ಲಿ ಇದ್ದದ್ದು 'ಅನ್ನಪೂರ್ಣೆ', 'ತಾಯಿ ಹೃದಯ' ಮುಂತಾದವು. ಅಧ್ಯಕ್ಷರೇ, ಗೊಬ್ಬರ ಹಾಕಿಸಿದ್ದು ನಾನು. ನಡಾವಳಿಯಲ್ಲಿ ಬರೆದುಕೊಳ್ಳಿ, ಇಲ್ಲೇ ಸಹಿ ಮಾಡುತ್ತೇನೆ. ಹೊಸ ಅಡಿಗೆಯವರನ್ನು ಆಗಲೇ ಗೊತ್ತುಮಾಡಿದ್ದೀರಿ, ನನಗೆ ತಿಳಿದಿದೆ. ಆದರೂ ಜಂಬಕ್ಕನ ಹೆಸರಿಗೆ ಅಂಟಿರುವ ಆ ಎರಡು ಪದ ನನ್ನ ಹೆಸರಿಗೆ ಬರಲಿ.

ಜಂಬಕ್ಕ ಈಗಷ್ಟೇ ಹೆಗಲಿನ ಸನ್ಮಾನದ ಶಾಲು ತೆಗೆದು, ಮಡಚಿ, ಕುರ್ಚಿಯ ಮೇಲಿಟ್ಟು ಇಳಿದು ಹೋಗುತ್ತಿದ್ದಾರೆ. ಯಾರೂ ಕರೆಯಬೇಡಿ. ಬಾಗಿಲಲ್ಲಿ ನಿಂತವರು ದಯವಿಟ್ಟು ದಾರಿ ಬಿಡಿ.

ಕೇಳಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.